ಉಚ್ಚಂಗಮ್ಮನ ಶೆಡ್ಡಿಗೆ ಬೆಂಕಿ ಹಚ್ಚುವ ಮುನ್ನ

ರಾಯದುರ್ಗ, ಬಳ್ಳಾರಿ ಜಿಲ್ಲೆ
ಫೆಬ್ರವರಿ 1912

ಪ್ಲೇಗು ಇಲಾಖೆಯ ಮಾನ್ಯ ಅಧಿಕಾರಿಗಳೇ,

ಮನೆ ಇಲ್ಲದವರು ಮನೆ ಖಾಲಿ ಮಾಡುವುದು ಹೇಗೆ ಎಂಬುದನ್ನು ತಾವು ನಮ್ಮ ಊರಿಗೆ ಇನ್ನೂ ತಿಳಿಸಿಕೊಟ್ಟಿಲ್ಲ. ಕಾರ್ತಿಕದಲ್ಲಿ ಡಂಗುರ ಹೊಡೆಸಿದಿರಿ: ರಾಯದುರ್ಗದ ಸಮಸ್ತರೂ ಮನೆ ಬಿಟ್ಟು ಊರಾಚೆ ಹೋಗತಕ್ಕದ್ದು, ಮನೆ ಬಿಟ್ಟವರಿಗೆ ರೈಲ್ವೆ ಸ್ಟೇಷನ್ನಿನ ಆಚೆಯ ಬಯಲಿನಲ್ಲಿ ಬಿದಿರಿನ ಶೆಡ್ಡು ಕೊಡತಕ್ಕದ್ದು, ಊರೊಳಗೆ ಉಳಿದವರನ್ನು ಪೊಲೀಸರು ಹೊರಗೆ ಹಾಕತಕ್ಕದ್ದು. ನಾವು ಹೋದೆವು, ನಮಗೆ ಶೆಡ್ಡು ಸಿಕ್ಕಿತು. ಬಿಡುವುದಕ್ಕೆ ಮನೆಯೇ ಇಲ್ಲದವರನ್ನು ಮೊದಲು ಊರಿನಿಂದ ಓಡಿಸಿದಿರಿ, ಆಮೇಲೆ ಮನೆ ಬಿಟ್ಟು ಬಂದವರಲ್ಲವೆಂದು ಬಯಲಿನಿಂದಲೂ ಓಡಿಸಿದಿರಿ. ಈಗ ರೋಗ ಇಳಿದಿದೆ. ಬರುವ ಸೋಮವಾರ ಶೆಡ್ಡುಗಳನ್ನೆಲ್ಲ ಸುಡಿಸುತ್ತೀರೆಂದು ಮತ್ತೆ ಡಂಗುರವಾಗಿದೆ. ಆ ಶೆಡ್ಡುಗಳಲ್ಲಿ ಒಂದರೊಳಗೆ ಒಬ್ಬ ಬಾಣಂತಿ, ಒಂದು ಹಸುಗೂಸು, ಒಬ್ಬ ಮುದುಕಿ ಇದ್ದಾರೆ. ಅವರ ವಿಷಯವಾಗಿಯೇ ಈ ಪತ್ರ.

ಬರೆಯುತ್ತಿರುವವನು ಯಾರೆಂದು ತಮಗೆ ಗೊತ್ತಿರಲಿಕ್ಕೆ ಸಾಕು. ಕೋಟೆ ಬೀದಿಯ ಕೊನೆಯಲ್ಲಿರುವ ಕಾಫಿ ಕ್ಲಬ್ಬು ನನ್ನದು. ತಾವು ಅಲ್ಲಿಗೆ ಬಂದಾಗಲೆಲ್ಲ ಸಕ್ಕರೆ ಕಡಿಮೆ ಎಂದು ಬೈದು, ಲೋಟ ಪೂರ್ತಿ ಬರಿದು ಮಾಡಿ ಹೋಗಿದ್ದೀರಿ. ಈ ಸಂಗತಿಯನ್ನು ನಾನು ಪತ್ರಿಕೆಗೆ ಬರೆಯುವ ಮೊದಲು ತಮ್ಮ ಕಚೇರಿಗೇ ಬರೆದೆ. ಅರ್ಜಿ ವಾಪಸ್ಸು ಬಂತು. ಬಾಧಿತ ಮನೆಯ ಯಜಮಾನರೇ ಅರ್ಜಿ ಹಾಕಿಕೊಳ್ಳಬೇಕೆಂದು ತಮ್ಮ ಕಚೇರಿಯವರು ಅದರ ಬೆನ್ನ ಮೇಲೆ ಬರೆದಿದ್ದರು. ಮನೆ ಇಲ್ಲದವರ ಅರ್ಜಿಗೆ ಮನೆಯ ಯಜಮಾನ ಬೇಕಂತೆ! ನಾನು ಹೈಸ್ಕೂಲಿನ ನಾಲ್ಕನೆಯ ಫಾರಮ್ಮಿಗೆ ಓದು ಬಿಟ್ಟವನು, ಇಂಥ ಸೂಕ್ಷ್ಮ ನನ್ನ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಬಳ್ಳಾರಿಯ ಈ ವಾರಪತ್ರಿಕೆಯವರ ಕೈಕಾಲು ಹಿಡಿದು ಅಚ್ಚು ಹಾಕಿಸುತ್ತಿದ್ದೇನೆ. ಶನಿವಾರದ ರೈಲಿಗೆ ಪತ್ರಿಕೆ ರಾಯದುರ್ಗಕ್ಕೆ ಬರುತ್ತದೆ. ಓದುವುದಕ್ಕೆ ತಮಗೆ ಭಾನುವಾರವಿಡೀ ಇದೆ, ಅಂದು ರಜೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಪ್ಲೇಗು ಸುಳ್ಳು, ದೊರೆಗಳು ನಮ್ಮನ್ನು ಕಾಡುವುದಕ್ಕೆ ಕಟ್ಟಿದ ಕಥೆ ಎಂದು ಹರಟುವವರ ಪೈಕಿ ನಾನಲ್ಲ. ನನ್ನ ಕ್ಲಬ್ಬಿನ ಅಡುಗೆಯವರು ಆದಿನಾರಾಯಣ ಎಂಬವರು, ಬೆಳಿಗ್ಗೆ ಇಡ್ಲಿ ಹಿಟ್ಟು ಹೊಯ್ದವರು, ಮಧ್ಯಾಹ್ನ ಕಂಕುಳಲ್ಲಿ ಗಡ್ಡೆ ಎಂದು ತೋರಿಸಿ ಹೆದರಿ ನಕ್ಕರು. ಮೂರನೆಯ ದಿನ ಅವರಿಗೆ ಹೆಗಲು ಕೊಡುವುದಕ್ಕೆ ಜನ ಸಾಲದೆ, ಜಾತಿ ಗೋತ್ರ ನೋಡದೆ, ಸಿಕ್ಕವರನ್ನು ಕರೆದೆ. ಈಗಲೂ ಬೆಳಿಗ್ಗೆ ಒಲೆ ಹಚ್ಚುವಾಗ ಮರೆತು ಅವರ ಹೆಸರು ಹಿಡಿದು ಕೂಗುತ್ತೇನೆ. ಊರು ಖಾಲಿ ಮಾಡಿಸಿದ್ದು ಸರಿ. ಬಯಲಿಗೆ ಬಂದ ಮೇಲೆ ಸಾವು ಇಳಿಯಿತು, ಅದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರು ತಮ್ಮ ವೈದ್ಯದ ಮೇಲಲ್ಲ. ಬಯಲಿನ ಗಾಳಿ ಎಲ್ಲರಿಗೂ ಒಳ್ಳೆಯದೆಂದ ಮೇಲೆ, ಅದನ್ನು ಕುಡಿಯುವುದಕ್ಕೆ ಮನೆಯುಳ್ಳವರೆಂಬ ಅರ್ಹತೆ ಯಾಕೆ ಬೇಕಾಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ಉಚ್ಚಂಗಮ್ಮ ಯಾರೆಂದು ಹೇಳುತ್ತೇನೆ. ಬೆಟ್ಟದ ಬುಡದಲ್ಲಿ ಕಲ್ಯಾಣಿಯ ಪಕ್ಕ ಒಂದು ಕಲ್ಲು ಮಂಟಪವಿದೆ. ಅದರ ಮೂಡಣ ಮೂಲೆ ಬಹಳ ವರ್ಷಗಳಿಂದ ಉಚ್ಚಂಗಮ್ಮನದು. ಮೂರು ಕಲ್ಲಿನ ಒಲೆ, ಒಂದು ಮಡಕೆ, ಹೊದೆಯುವುದಕ್ಕೆ ಎರಡು ಕೌದಿ. ಮೊದಲು ಅವಳಿಗೂ ಒಂದು ಗುಡಿಸಲಿತ್ತಂತೆ. ಅದು ಹೇಗೆ ಹೋಯಿತು ಎಂದು ಕೇಳಿದರೆ ಒಂದು ದಿನ ಮಳೆಗೆ ಬಿತ್ತು ಎನ್ನುತ್ತಾಳೆ, ಇನ್ನೊಂದು ದಿನ ಪಕ್ಕದವರ ಗೋಡೆ ಒಳಕ್ಕೆ ನಡೆದುಕೊಂಡು ಬಂದು ಅದನ್ನು ನುಂಗಿತು ಎನ್ನುತ್ತಾಳೆ. ಎರಡೂ ನಿಜವಿರಬಹುದು. ಕುಟ್ಟುವುದಿದ್ದರೆ ಕುಟ್ಟುತ್ತಾಳೆ, ಬೀಸುವುದಿದ್ದರೆ ಬೀಸುತ್ತಾಳೆ, ಕೆಲಸವಿಲ್ಲದ ದಿನ ಸೆರಗೊಡ್ಡಿ ಬೀದಿ ಸುತ್ತುತ್ತಾಳೆ. ನಾಚಿಕೆ ಪಡುವುದಿಲ್ಲ, ನಾಲಿಗೆಯೂ ಸುಮ್ಮನಿರುವುದಿಲ್ಲ. ನನ್ನ ಕ್ಲಬ್ಬಿನ ಮುಂದೆ ನಿಂತು, "ಗೋಪಣ್ಣೋರೆ, ನಿಮ್ ಇಡ್ಲಿ ನಿನ್ನಿಗಿಂತ ಸಣ್ಣ ಆಗ್ಯಾವಲ್ರಿ, ಅವಕ್ಕೂ ಜ್ವರ ಬಂದಾವೇನು?" ಎಂದು ಗಿರಾಕಿಗಳೆದುರೇ ಕೇಳಿದವಳು ಅವಳು. ಅವಳ ಮಗಳು ಪಾಲಮ್ಮ. ತಾಯಿಯ ಮಾತಿನಲ್ಲಿ ಕಾಲುಪಾಲೂ ಅವಳಿಗೆ ಬಂದಿಲ್ಲ. ಪಾಲಮ್ಮನ ಗಂಡ ಬೊಮ್ಮಪ್ಪ ಮಣ್ಣು ಕೆಲಸದವನು, ಮಡಕಶಿರಾ ಕಡೆ ಕೆರೆ ಏರಿ ಕಟ್ಟುವುದಕ್ಕೆ ಹೋಗಿದ್ದ. ಊರು ಖಾಲಿಯಾದಾಗ ಪಾಲಮ್ಮ ತುಂಬು ಬಸುರಿ.

ಆ ಬೊಮ್ಮಪ್ಪ ಇವತ್ತಿಗೂ ಹಿಂದಿರುಗಿಲ್ಲ. ಯಾಕೆ ಎಂದು ಕೇಳುವಿರಾ? ಪ್ಲೇಗಿನ ಕಾಲದಲ್ಲಿ ಪ್ರಯಾಣಕ್ಕೆ ತಮ್ಮ ಪಾಸ್‌ಪೋರ್ಟು ಬೇಕು. ಪಾಸ್‌ಪೋರ್ಟು ಬೇಕಾದರೆ, ತಲುಪಿದ ಊರಿನಲ್ಲಿ ಯಾರ ಮನೆಯಲ್ಲಿ ಇಳಿದು ಹತ್ತು ದಿನ ತಪಾಸಣೆಗೆ ಸಿಗುತ್ತೇನೆಂದು ಹೇಳಬೇಕು. ಅವನು ಮಂಟಪ ಎಂದನಂತೆ. ಮಂಟಪ ಮನೆಯಲ್ಲ ಎಂದು ದಾರಿಯ ತಪಾಸಣೆ ಚೌಕಿಯವರು ತಡೆದು ಕೂಡಿಸಿದರಂತೆ. ಆ ಕಡೆಯಿಂದ ಬಂದ ಗಾಡಿಯವರು ಹೇಳಿದ್ದಿದು. ಹೆಂಡತಿ ಹೆತ್ತದ್ದು ಗಂಡೋ ಹೆಣ್ಣೋ ಅವನಿಗೆ ಗೊತ್ತಿಲ್ಲ. ರೋಗವನ್ನು ತಡೆಯುವುದಕ್ಕೆ ಹಾಕಿದ ಬೇಲಿ ಅದು, ಒಪ್ಪಿದೆ. ಆದರೆ ಸ್ವಂತ ಮನೆಯಿರುವವನು ಅದೇ ಚೌಕಿಯಲ್ಲಿ ಮನೆಯ ಹೆಸರು ಹೇಳಿ, ಕೆಮ್ಮುತ್ತಲೇ ದಾಟಿ ಹೋಗಿದ್ದನ್ನೂ ಆ ಗಾಡಿಯವರೇ ನೋಡಿದ್ದಾರೆ.

ಇರಲಿ, ನಮ್ಮೂರಿಗೆ ಬರೋಣ. ಮಂಟಪದಿಂದ ಎಬ್ಬಿಸಿದ ದಿನ ತಾಯಿ ಮಗಳಿಬ್ಬರೂ ಮೊದಲು ಭೈರವಾನಿತಿಪ್ಪದ ಕಡೆ ನಡೆದರು. ಅಲ್ಲಿ ಉಚ್ಚಂಗಮ್ಮನ ತಂಗಿ ಇದ್ದಾಳೆ. ಊರ ಮುಂದೆ ಜಾಲಿ ಮುಳ್ಳು ಎಳೆದಿದ್ದರು. ಮುಳ್ಳಿನ ಆಚೆ ದೊಣ್ಣೆ ಹಿಡಿದು ನಿಂತವರಲ್ಲಿ ಆ ತಂಗಿಯ ಗಂಡನೂ ಇದ್ದ. "ರಾಯದುರ್ಗದ ಗಾಳಿ ನಮ್ ಊರಿಗಿ ಬ್ಯಾಡವ್ವ, ತಿರಿಗಿ ಹೋಗ್ರಿ," ಎಂದನಂತೆ. ಅವನನ್ನು ನಾನು ಬೈಯಲಾರೆ. ಅವನಿಗೂ ಮಕ್ಕಳಿದ್ದಾರೆ. ತುಂಬು ಬಸುರಿಯನ್ನು ನಡೆಸಿಕೊಂಡು ಉಚ್ಚಂಗಮ್ಮ ಹಿಂದಕ್ಕೆ ಬಂದಳು, ನೇರವಾಗಿ ನನ್ನ ಶೆಡ್ಡಿನ ಮುಂದೆ ನಿಂತಳು. ನಾನು ಅವರಿಬ್ಬರನ್ನೂ ಕರೆದುಕೊಂಡು ತಮ್ಮ ಡೇರೆಗೆ ಬಂದೆ. ತಮಗೆ ಈಗ ನೆನಪಾಗಿರಬೇಕು. ತಾವು ಕುರ್ಚಿಯ ಮೇಲಿದ್ದಿರಿ, ಮಾತೆಲ್ಲ ತಮ್ಮ ಗುಮಾಸ್ತರೇ ಆಡಿದರು. ತಾವು ಮಧ್ಯೆ ಮಧ್ಯೆ ತಲೆಯಾಡಿಸುತ್ತಿದ್ದಿರಿ.

"ಮನೆ ಎಲ್ಲಿ?" ಎಂದು ಗುಮಾಸ್ತರು ಕೇಳಿದರು.

"ಕಲ್ಯಾಣಿ ಮಂಟಪ್ದಾಗ್ರಿ."

"ಅದು ಮನೆಯಲ್ಲ. ಮನೆ ಬಿಟ್ಟವರಿಗೆ ಮಾತ್ರ ಶೆಡ್ಡು."

"ಹಂಗಾರ ಮಂಟಪ್ದಾಗ ಇರ್ತೀವ್ರಿ."

"ಊರ ಗಡಿಯೊಳಗೆ ಯಾರೂ ಇರಕೂಡದು."

"ಬಯಲಾಗ ಒಂದ್ ಗಿಡದ ಬುಡಕ್ಕ ಇರ್ತೀವ್ರಿ."

"ಬಯಲು ಶೆಡ್ಡಿನವರದ್ದು. ಶೆಡ್ಡಿಲ್ಲದವರು ಬಯಲಿನಲ್ಲಿ ಸುಳಿಯಕೂಡದು."

ಉಚ್ಚಂಗಮ್ಮ ತಮ್ಮ ಕುರ್ಚಿಯ ಕಡೆ ಬೆರಳು ತೋರಿಸಿದಳು. "ಸಾಹೇಬ್ರಿಗೆ ಒಂದ್ ಮಾತ್ ಕೇಳ್ರಿ," ಎಂದಳು. "ಊರಾಗ ಇರಂಗಿಲ್ಲ, ಬಯಲಾಗ ಇರಂಗಿಲ್ಲ. ಹಕ್ಕಿ ಹಂಗ ನಡಮಧ್ಯೆ ಹಾರ್ತಾ ಇರಬೇಕೇನ್ರಿ? ನಾನು ಹಾರ್ತೀನಿ. ಈಕಿ ಬಸುರಿ ಅದಾಳ, ಈಕಿಗೆ ಆಗಂಗಿಲ್ಲ."

ತಾವು ನಕ್ಕಿರಿ. ನಾನೂ ನಕ್ಕೆ. ಪಾಲಮ್ಮ ಮಾತ್ರ ಡೇರೆಯ ಕಂಬ ಹಿಡಿದುಕೊಂಡು ನಿಂತೇ ಇದ್ದಳು. ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರು. ಇಂಥವರಿಗೆಲ್ಲ ಶೆಡ್ಡು ಕೊಡುತ್ತ ಹೋದರೆ ತಾಲ್ಲೂಕಿನ ತಿರುಕರೆಲ್ಲ ಇಲ್ಲಿಗೇ ಬಂದು ಸೇರುತ್ತಾರಂತೆ. ಪ್ಲೇಗಿನ ಶೆಡ್ಡಿನಲ್ಲಿ ಇರುವ ಆಸೆಯಿಂದ, ಬೊಮ್ಮನಹಾಳಿನಿಂದಲೂ ಗುಮ್ಮಗಟ್ಟೆಯಿಂದಲೂ ಜನ ಗಂಟು ಮೂಟೆ ಕಟ್ಟಿಕೊಂಡು ಹೊರಡುತ್ತಾರೆಂದು ಅವರ ನಂಬಿಕೆ! ಸಗಣಿ ಬಳಿದ ತಟ್ಟಿ, ಸಂದಿನಲ್ಲಿ ನುಗ್ಗುವ ಚಳಿಗಾಳಿ, ದಿನಾ ಬೆಳಿಗ್ಗೆ ಕಂಕುಳು ಎತ್ತಿ ತೋರಿಸಬೇಕಾದ ವೈಭವ. ಇದಕ್ಕಾಗಿ ಯಾರು ತಾನೇ ಊರು ಬಿಟ್ಟು ಬರುವುದಿಲ್ಲ?

ಡೇರೆಯಿಂದ ಹೊರಗೆ ಬಂದಾಗ ತಮ್ಮ ಜವಾನ ಸುಂಕಪ್ಪ ಉಚ್ಚಂಗಮ್ಮನಿಗೆ ಒಂದು ಉಪಾಯ ಹೇಳಿದ. ಅವನು ಕೆಟ್ಟವನಲ್ಲ, ತಮಾಷೆಗೋ ಕನಿಕರಕ್ಕೋ ಹೇಳಿದ. "ಇಲಿ ಬಿದ್ದ ಮನಿಯವ್ರಿಗಿ ಮೊದ್ಲು ಶೆಡ್ಡು ಕೊಡ್ತಾರಮ್ಮ. ನಿನ್ ಮಂಟಪ್ದಾಗ ಒಂದ್ ಇಲಿ ಬಿದ್ರ, ಅದು ಮನಿ ಅಂತ ಸರ್ಕಾರಾನೇ ಒಪ್ಪಬೇಕಾಗ್ತದ."

ಇಲ್ಲಿ ಪತ್ರಿಕೆಯ ಹೊರಗಿನ ಊರುಗಳ ಓದುಗರಿಗೆ ಒಂದು ವಿವರಣೆ ಬೇಕು. ರೋಗ ಮನುಷ್ಯರಿಗೆ ತಗಲುವ ಮೊದಲು ಇಲಿಗೆ ತಗಲುತ್ತದೆ. ಮನೆಯೊಳಗೆ ಇಲಿ ತಾನಾಗಿ ಸತ್ತು ಬಿದ್ದರೆ ಅಲ್ಲಿಗೆ ಪ್ಲೇಗು ಬಂದಿದೆ ಎಂದು ಲೆಕ್ಕ. ಆಗ ಇಲಾಖೆಯವರು ಬಂದು, ಗೋಡೆಗೆ ಫಿನೈಲು ಎರಚಿ, ಹಾಸಿಗೆ ಬಟ್ಟೆ ಸುಟ್ಟು, ಒಳಗೆ ಬಿಸಿಲು ಬೀಳಲೆಂದು ಮಾಳಿಗೆಗೆ ತೂತು ಕೊರೆದು ಹೋಗುತ್ತಾರೆ. ನಮ್ಮ ಕಡೆ ಮಾಳಿಗೆ ಎಂದರೆ ಮಣ್ಣಿನ ಚಾವಣಿ. ಒಮ್ಮೆ ತೂತಾದರೆ ಅದನ್ನು ಮುಚ್ಚಿಸುವಷ್ಟರಲ್ಲಿ ಯಜಮಾನನ ಪ್ರಾಣ ಅರ್ಧ ಹೋಗಿರುತ್ತದೆ. ಹೀಗಾಗಿ ರಾಯದುರ್ಗದಲ್ಲಿ ಇಲಿ ಸತ್ತರೆ ಅದು ಸತ್ತ ಮನೆಯಲ್ಲಿ ಇರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲು ಹಿತ್ತಲ ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತಿತ್ತು, ಅಲ್ಲಿಂದ ಅದರಾಚೆಯ ಮನೆಗೆ. ಬದುಕಿದ್ದಾಗ ಒಂದು ಉಗ್ರಾಣ ಬಿಟ್ಟು ಕದಲದ ಇಲಿಗಳು ಸತ್ತ ಮೇಲೆ ಊರೆಲ್ಲ ಸಂಚಾರ ಮಾಡಿದವು. ಇಷ್ಟು ಇಲಿಗಳು ಓಡಾಡಿದರೂ ಮಂಟಪಕ್ಕೆ ಮಾತ್ರ ಒಂದೂ ಹೋಗಲಿಲ್ಲ. ಕಾಳಿಲ್ಲದ ಕಡೆ ಇಲಿ ಯಾಕೆ ಬರುತ್ತದೆ? ಎಸೆಯುವುದಕ್ಕಾದರೂ ಅಲ್ಲಿಯವರೆಗೆ ಯಾರು ನಡೆಯುತ್ತಾರೆ?

ಸುಂಕಪ್ಪನ ಮಾತನ್ನು ಉಚ್ಚಂಗಮ್ಮ ನಿಜವೆಂದೇ ನಂಬಿದಳು. ಆಗಿನ್ನೂ ಪೇಟೆಯ ಅರ್ಧ ಜನ ಸಾಮಾನು ಕಟ್ಟುತ್ತ ಮನೆಗಳಲ್ಲೇ ಇದ್ದರು. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಸೆರಗೊಡ್ಡಿ, ಎಂದಿನ ಬೀದಿಗಳಲ್ಲೇ, ಎಂದಿನ ರಾಗದಲ್ಲೇ ಕೂಗುತ್ತ ಹೊರಟಳು. ಬೇಡಿದ್ದು ಮಾತ್ರ ಬೇರೆ.

"ತಾಯೀ, ಇಲಿ ಬಿದ್ದಿದ್ರ ಹಾಕ್ರಮ್ಮಾ! ನಿಮ್ ಮನಿ ತಣ್ಣಗಿರ್ಲಿ, ಒಂದ್ ಇಲಿ ಹಾಕ್ರಮ್ಮಾ!"

ಮಾನ್ಯರೇ, ನಾನು ಕ್ಲಬ್ಬಿನಲ್ಲಿ ಉಳಿದಿದ್ದ ಹಂಡೆ ಪಾತ್ರೆ ಗಾಡಿಗೆ ಹೇರಿಸುತ್ತ ಬೀದಿಯಲ್ಲೇ ನಿಂತಿದ್ದೆ. ಆ ನೋಟವನ್ನು ಸಾಯುವ ತನಕ ಮರೆಯುವುದಿಲ್ಲ. ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ತೆರೆದಿದ್ದ ಕಡೆಯಲ್ಲಿ ಮುಖ ಬಿಳುಪೇರಿತು. "ಇಲಿ ಗಿಲಿ ಏನಿಲ್ಲ ನಮ್ಮನ್ಯಾಗ, ಮುಂದಕ್ ಹೋಗು, ಮುಂದಿನ ಮನಿಯಾಗ ಕೇಳು," ಎಂದು ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ ಹೇಳಿದರು. ಮುಂದಿನ ಮನೆಯವರು ಹೊರಗೆ ಬಂದು ಇವರ ಜೊತೆ ಜಗಳಕ್ಕೆ ನಿಂತರು. ಒಬ್ಬರು ಅವಳ ಮೇಲೆ ನೀರು ಎರಚಿದರು. ಬೇರೆ ದಿನಗಳಲ್ಲಿ ಹಿಡಿ ಜೋಳ ಹಾಕುವುದಕ್ಕೂ ಹತ್ತು ಮಾತು ಆಡುವವರು, ಅವತ್ತು ಒಂದು ಸೇರು ಜೋಳ ಸೆರಗಿಗೆ ಸುರಿದು, "ಹೋಗವ್ವ, ಇಲ್ಲಿ ಆ ಹೆಸರು ಎತ್ತಬ್ಯಾಡ," ಎಂದರು. ಅವಳು ಜೋಳ ಇಟ್ಟುಕೊಂಡಳು, ಆದರೆ ಪಟ್ಟು ಬಿಡಲಿಲ್ಲ. ಕೊನೆಗೆ ಒಬ್ಬ ಗೃಹಿಣಿ, ಬಹಳ ಮರ್ಯಾದಸ್ಥ ಮನೆತನದವರು, ಕಿಟಕಿಯಿಂದ ಮೆಲ್ಲಗೆ ಕರೆದು, "ಸಂಜಿಗಿ ಹಿತ್ತಲ ಬಾಗಿಲಿಗಿ ಬಾ," ಎಂದರಂತೆ. ಸಂಜೆ ಹೋದರೆ, ಉದ್ದನೆಯ ಕೋಲಿನ ತುದಿಯಲ್ಲಿ ಮುತ್ತುಗದ ಎಲೆಯ ಪೊಟ್ಟಣ. ಒಂದು ಕೇಳಿದವಳಿಗೆ ಎರಡು ಕೊಟ್ಟಿದ್ದರು. ಆ ತಾಯಿಯ ಹೆಸರು ನನಗೆ ಗೊತ್ತು. ಬರೆದರೆ ತಾವು ಅವರ ಮಾಳಿಗೆಗೂ ತೂತು ಕೊರೆಸುತ್ತೀರಿ, ಆದ್ದರಿಂದ ಬರೆಯುವುದಿಲ್ಲ.

ಪೊಟ್ಟಣ ಹಿಡಿದು ಹೋಗುತ್ತಿದ್ದವಳನ್ನು ನಾನು ದಾರಿಯಲ್ಲೇ ತಡೆದೆ. "ಏ ಉಚ್ಚಂಗಮ್ಮ, ನಿನ್ಗ ಬುದ್ಧಿ ಐತೇನು? ಅದು ಇಲಿ ಅಲ್ಲ, ಯಮ. ಬಿಸಾಡು," ಎಂದು ಕೂಗಾಡಿದೆ.

"ಸುಮ್ನಿರ್ರಿ ಗೋಪಣ್ಣೋರೆ," ಎಂದಳು. "ಯಮ ಬರೋದಾದ್ರ ಶೆಡ್ಡಿಗೂ ಬರ್ತಾನ, ಗಿಡದ ಬುಡಕ್ಕೂ ಬರ್ತಾನ. ನನ್ ಮಗಳಿಗಿ ದಿನ ತುಂಬ್ಯಾವ. ಆಕಿ ಬಯಲಾಗ ಮಂದಿ ಮುಂದ ಹಡೀಬೇಕೇನ್ರಿ?"

ನಾನು ದಾರಿ ಬಿಟ್ಟೆ. ಅವಳು ಪೊಲೀಸರ ಕಣ್ಣು ತಪ್ಪಿಸಿ ಮಂಟಪಕ್ಕೆ ಹೋಗಿ, ಇಲಿಗಳನ್ನು ಮೂಡಣ ಮೂಲೆಯಲ್ಲಿ ಇಟ್ಟು, ನಾಯಿ ಒಯ್ಯದಂತೆ ಮೇಲೆ ಮಡಕೆ ಬೋರಲು ಹಾಕಿದಳು. ಮಗಳನ್ನು ಮಾತ್ರ ದೂರದ ಮೆಟ್ಟಿಲ ಮೇಲೆ ಕೂಡಿಸಿದಳು. ಪ್ಲೇಗಿನಿಂದ ಜನರನ್ನು ಉಳಿಸಲೆಂದು ಮಾಡಿದ ನಿಯಮ ಒಬ್ಬ ಮುದುಕಿಯನ್ನು ಪ್ಲೇಗನ್ನೇ ಭಿಕ್ಷೆ ಬೇಡುವ ಹಾಗೆ ಮಾಡಿತು. ತಮ್ಮ ವಾರ್ಷಿಕ ವರದಿಯಲ್ಲಿ ಈ ಸಾಧನೆಯನ್ನು ಎಲ್ಲಿ ಸೇರಿಸುತ್ತೀರಿ? ಅವಳಿಗೆ ರೋಗ ತಗಲಲಿಲ್ಲ ಎಂಬುದು ನಿಜ, ಅದು ಅವಳ ಅದೃಷ್ಟ. ಅದರಲ್ಲಿ ಇಲಾಖೆಯ ಪಾಲೇನೂ ಇಲ್ಲ.

ಮರುದಿನ ಸುಂಕಪ್ಪನೇ ಹೋಗಿ ನೋಡಿ, ಹೌಹಾರಿ ಬಂದು ವರದಿ ಮಾಡಿದ. ತಮ್ಮ ದಂಡು ಹೊರಟಿತು. ಎರಡು ದಿನದ ಹಿಂದೆ ಮಂಟಪ ಮನೆಯಲ್ಲ ಎಂದವರು ಎರಡು ಸತ್ತ ಇಲಿಗಳನ್ನು ಕಂಡ ಕೂಡಲೇ ಅದನ್ನು "ಬಾಧಿತ ಕಟ್ಟಡ" ಎಂದು ಒಪ್ಪಿಕೊಂಡರು. ಹೆಂಗಸರಿಬ್ಬರು ವರ್ಷಗಟ್ಟಲೆ ಬದುಕಿದ್ದು ಪುರಾವೆಯಾಗಲಿಲ್ಲ, ಇಲಿ ಸತ್ತದ್ದು ಆಯಿತು. ಕಲ್ಲಿನ ಕಂಬಗಳಿಗೆ ಫಿನೈಲು ಬಿತ್ತು. ಕಲ್ಲಿನ ಚಾವಣಿಗೆ ತೂತು ಕೊರೆಯಲು ಆಗಲಿಲ್ಲವೆಂದು ಒಬ್ಬರು ಬೇಜಾರು ಪಟ್ಟರು. ಎರಡು ಕೌದಿಗಳನ್ನೂ, ಹುಟ್ಟುವ ಕೂಸಿಗೆಂದು ಹಳೆಯ ಸೀರೆ ಹರಿದು ಪಾಲಮ್ಮ ಹೊಲಿದಿಟ್ಟಿದ್ದ ಬಟ್ಟೆಗಳನ್ನೂ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. ಪಾಲಮ್ಮ ಅತ್ತಳು. ಉಚ್ಚಂಗಮ್ಮ ಅಳದೆ, ಉರಿಯ ಕಡೆ ತಿರುಗಿಯೂ ನೋಡದೆ, "ಆತಲ್ರಿ, ಈಗ ಮನಿ ಆತಲ್ಲ. ನಮ್ ಶೆಡ್ಡು ಯಾವ್ದ್ರಿ?" ಎಂದು ಗುಮಾಸ್ತರನ್ನು ಕೇಳಿದಳು.

ಗುಮಾಸ್ತರು ನಿಯಮ ತೆಗೆದು ನೋಡಿದರು. ಬಾಧಿತ ಕಟ್ಟಡದ ಒಡೆಯರಿಗೋ ಬಾಡಿಗೆಯವರಿಗೋ ಒಂದು ಶೆಡ್ಡು, ಸರಿ. ಮಂಟಪದ ಒಡೆಯರು ಯಾರು? ದೇವಸ್ಥಾನದ ಧರ್ಮಕರ್ತರು. ಅವರಿಗೆ ಪೇಟೆಯ ದೊಡ್ಡ ಮನೆಯ ಲೆಕ್ಕದಲ್ಲಿ ಆಗಲೇ ಒಂದು ಶೆಡ್ಡು ಸಿಕ್ಕಿತ್ತು. ಈಗ ಮಂಟಪದ ಲೆಕ್ಕದಲ್ಲಿ ಎರಡನೆಯದು ಸಿಕ್ಕಿತು. ಅವರು ಒಬ್ಬ ಮನುಷ್ಯ, ಎರಡು ಕಡೆ ಮಲಗುವುದು ಕಷ್ಟ. ಬಹಳ ಯೋಚನೆ ಮಾಡಿ, ಎರಡನೆಯದರಲ್ಲಿ ತಮ್ಮ ಹಸುವನ್ನೂ ಕರುವನ್ನೂ ಕಟ್ಟಿದರು. ಇದು ಕಾನೂನಿನ ಪ್ರಕಾರ ಅಕ್ಷರಶಃ ಸರಿಯಾಗಿದೆ ಎಂದು ತಾವೇ ನನಗೆ ಹೇಳಿದಿರಿ. ಹಸು ಮನೆಯುಳ್ಳವರ ಹಸು, ಬಯಲಿನಲ್ಲಿ ಇರಲು ಅದಕ್ಕೆ ಹಕ್ಕುಂಟು. ಎರಡು ಕಾಲಿನವರಿಗೆ ಆ ಹಕ್ಕು ಹೇಗೆ ಬರುತ್ತದೆಂದು ಕೇಳಿದ್ದಕ್ಕೆ, ಡೇರೆಯಿಂದ ಹೊರಗೆ ನಡೆಯಿರಿ ಎಂದಿರಿ.

ಮುಂದಿನದು ನಡೆದದ್ದು ಹಾಡು ಹಗಲಿನಲ್ಲಿ, ಧರ್ಮಕರ್ತರು ಊಟಕ್ಕೆ ಕುಳಿತ ಹೊತ್ತಿನಲ್ಲಿ. ಹಳ್ಳದ ದಂಡೆಯಲ್ಲಿ ಅಡಗಿದ್ದ ಪಾಲಮ್ಮನಿಗೆ ನೋವು ಬಂತು. ಉಚ್ಚಂಗಮ್ಮ ಮಗಳನ್ನು ತೋಳು ಹಿಡಿದು ನಡೆಸಿಕೊಂಡು, ಕಾವಲಿನವರ ಕಣ್ಣೆದುರೇ, ನೇರ ಆ ಎರಡನೆಯ ಶೆಡ್ಡಿಗೆ ಹೋದಳು. ಹಸುವಿನ ಕಣ್ಣಿ ಬಿಚ್ಚಿ ಹೊರಗೆ ಅಟ್ಟಿದಳು. ಧರ್ಮಕರ್ತರು ಎಂಜಲು ಕೈಯಲ್ಲೇ ಓಡಿ ಬಂದು, "ನನ್ ಹಸು! ಚಳಿಗಿ ಸಾಯ್ತದ ಅದು!" ಎಂದು ಕೂಗಿದರು. ಜನ ಸೇರಿದರು. ಅಷ್ಟರಲ್ಲಿ ಅವರ ಹೆಂಡತಿ ದೊಡ್ಡಕ್ಕನವರು ಒಲೆಯ ಮೇಲಿನ ಬಿಸಿನೀರಿನ ಹಂಡೆಯನ್ನು ಆಳಿನ ಕೈಯಲ್ಲಿ ಹೊರಿಸಿಕೊಂಡು ಬಂದರು. ಗಂಡನ ಕಡೆ ಒಂದು ಸಲ ನೋಡಿದರು.

"ಹೊರಗ ಕಟ್ಟಿದ್ರ ಹಸು ಸಾಯಂಗಿಲ್ಲ, ನೀವು ಹೋಗಿ ಊಟ ಮುಗಸ್ರಿ," ಎಂದರು. "ನಾನು ಐದು ಹಡದೀನಿ, ಒಂದೂ ಮಂದಿ ಮುಂದ ಹಡದಿಲ್ಲ. ಯಾಕ ನಿಂತೀರಿ ಎಲ್ಲಾರೂ? ತಿರಿಗ್ರಿ ಆ ಕಡಿ!"

ನಾವೆಲ್ಲ ಆ ಕಡೆ ತಿರುಗಿದೆವು. ಧರ್ಮಕರ್ತರೂ ತಿರುಗಿದರು. ತಮ್ಮ ಕಾವಲಿನವರೂ ತಿರುಗಿದರು. ನಿಯಮಗಳನ್ನು ಓದದ ಒಬ್ಬ ಹೆಂಗಸಿನ ಆಜ್ಞೆಗೆ ಆ ಬಯಲು ವಿಧೇಯವಾದಷ್ಟು ತಮ್ಮ ಯಾವ ಡಂಗುರಕ್ಕೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೂಸು ಅತ್ತ ಸದ್ದು ಕೇಳಿಸಿತು. ಹೆಣ್ಣು. ನಾನು ಮೂರ್ಖನ ಹಾಗೆ ಕಣ್ಣೊರೆಸಿಕೊಂಡೆ, ಆದಿನಾರಾಯಣರು ಹೋದ ಮೇಲೆ ನಾನು ಕೇಳಿದ ಮೊದಲ ಒಳ್ಳೆಯ ಸದ್ದು ಅದು. ಆವತ್ತಿನಿಂದ ಮೂವರೂ ಅಲ್ಲೇ ಇದ್ದಾರೆ. ದೊಡ್ಡಕ್ಕನವರು ದಿನಾ ಹಾಲು ಕಳಿಸುತ್ತಾರೆ, ಹೊರಗೆ ಕಟ್ಟಿದ ಅದೇ ಹಸುವಿನದು. ಅದಕ್ಕೆ ನೆಗಡಿ ಕೂಡ ಬಂದಿಲ್ಲ.

ಈಗ ರೋಗ ಇಳಿದು ನಾವೆಲ್ಲ ಊರಿಗೆ ವಾಪಸ್ಸಾಗಿದ್ದೇವೆ. ಹಾಗಿದ್ದರೆ ಉಚ್ಚಂಗಮ್ಮನೂ ಅವಳ ಮಂಟಪಕ್ಕೆ ಹೋಗಲಿ ಎನ್ನುವಿರಿ. ಮಾನ್ಯರೇ, ಆ ಮಂಟಪವನ್ನು ತಾವು ಇತ್ತೀಚೆಗೆ ನೋಡಿದ್ದೀರಾ? ಸುಣ್ಣ ಹೊಡೆದು, ನಾಲ್ಕೂ ಕಡೆ ಕಬ್ಬಿಣದ ಸಲಾಕೆ ಹಾಕಿ, ಬೀಗ ಜಡಿದಿದ್ದಾರೆ. ಬಾಧಿತ ಕಟ್ಟಡಕ್ಕೆ ಮತ್ತೆ ಇಲಿ ಸೇರಬಾರದೆಂದು ತಮ್ಮದೇ ಅಪ್ಪಣೆಯಂತೆ. ಆ ಸಲಾಕೆಗಳ ಸಂದಿಯಲ್ಲಿ ಇಲಿ ಸಂಸಾರ ಸಮೇತ ಹೋಗಬಹುದು, ಉಚ್ಚಂಗಮ್ಮ ಮಾತ್ರ ಹೋಗಲಾರಳು. ಬೇಡಿ ತಂದ ಎರಡು ಇಲಿಗಳು ಅವಳಿಗೆ ಶೆಡ್ಡು ಕೊಡಿಸಲಿಲ್ಲ, ಇದ್ದ ಮೂಲೆಯನ್ನೂ ಕಸಿದುಕೊಂಡವು. ಅದು ಅವಳ ತಪ್ಪೇ ಎಂದು ತಮ್ಮ ಗುಮಾಸ್ತರು ನನಗೆ ಹೇಳಿದರು. ಇಲಿ ತಂದವಳು ಅವಳು, ಸರಿ. ಇಲಿ ತಂದರೆ ಮಾತ್ರ ಮನುಷ್ಯರೆಂದು ಒಪ್ಪುವ ನಿಯಮ ತಂದವರು ಯಾರು?

ನೀನೇ ಯಾಕೆ ಇಟ್ಟುಕೊಳ್ಳಬಾರದು ಎಂದು ತಾವು ನನ್ನನ್ನು ಕೇಳಬಹುದು. ಕೇಳಿ. ಕ್ಲಬ್ಬಿನ ಜಗಲಿ ಖಾಲಿ ಬಿದ್ದಿರುತ್ತದೆ, ಬಂದು ಮಲಗಿ ಎಂದು ನಾನೇ ಕರೆದಿದ್ದೆ. ತಿಂಡಿ ಅಂಗಡಿಗಳ ಜಗಲಿಯಲ್ಲಿ ಯಾರಾದರೂ ಮಲಗಿದರೆ ಅಂಗಡಿ ಮುಚ್ಚಿಸಲಾಗುವುದೆಂದು ಹೋದ ವಾರ ನನಗೆ ತಮ್ಮ ನೋಟೀಸು ಬಂತು. ಇನ್ನು ಮನೆಯಲ್ಲಿ ಜಾಗವಿಲ್ಲ ಎಂದರೆ ಅರ್ಧ ನಿಜ ಹೇಳಿದಂತಾಗುತ್ತದೆ. ನನ್ನ ಅತ್ತೆಯ ಎದುರು ಆ ಮಾತು ಎತ್ತುವ ಧೈರ್ಯವಿಲ್ಲ ಎಂಬುದು ಉಳಿದರ್ಧ. ಆದರೆ ನನ್ನ ಅತ್ತೆ ಸರ್ಕಾರವಲ್ಲ. ಜನರನ್ನು ಜಾಗ ಬಿಡಿಸುವ ಅಧಿಕಾರ ಅವರಿಗಿಲ್ಲ, ಆದ್ದರಿಂದ ಜಾಗ ಕೊಡುವ ಹೊಣೆಯೂ ಅವರದಲ್ಲ. ತಮಗೆ ಎರಡರಲ್ಲಿ ಮೊದಲನೆಯದು ಧಾರಾಳವಾಗಿದೆ.

ಶೆಡ್ಡು ಸುಡುವುದು ಶುದ್ಧಿಗಾಗಿ ಎನ್ನುತ್ತೀರಿ. ನಾನು ವಾದಿಸುವುದಿಲ್ಲ. ಆದರೆ ಅದೇ ಬಿದಿರು, ಅದೇ ತಟ್ಟಿಗಳನ್ನು ಕೆಲವರು ಬಿಚ್ಚಿ ಗಾಡಿಯಲ್ಲಿ ಹಾಕಿಕೊಂಡು ಹೊಲಕ್ಕೆ ಒಯ್ದಾಗ ಯಾರ ಶುದ್ಧಿಗೂ ಭಂಗ ಬರಲಿಲ್ಲ. ತಮ್ಮ ಡೇರೆಯನ್ನು ಸುಡುತ್ತೀರೋ, ಮಡಿಚಿ ಮುಂದಿನ ಊರಿಗೆ ಒಯ್ಯುತ್ತೀರೋ? ಊರಿನವರೆಲ್ಲ ತಿಂಗಳುಗಟ್ಟಲೆ ಮನೆ ಬಿಟ್ಟು ಬಯಲಿನಲ್ಲಿ ಮಲಗಿ, ಚಳಿ ಎಂದರೇನು, ಕಾವಲಿನವನ ಕೋಲು ಎಂದರೇನು ಎಂದು ಕಲಿತೆವು. ಇನ್ನಾದರೂ ಬುದ್ಧಿ ಬರುತ್ತದೆಂದು ನಾನು ಆಶಿಸಿದ್ದೆ. ವಾಪಸ್ಸು ಬಂದ ಮೊದಲ ದಿನವೇ ನಮ್ಮ ಬೀದಿಯವರು ಸೇರಿ, ಮಂಟಪಕ್ಕೆ ಬೀಗ ಹಾಕಿದ್ದು ಒಳ್ಳೆಯದಾಯಿತು ಎಂದು ಮಾತಾಡಿಕೊಂಡರು. ನನ್ನ ಕ್ಲಬ್ಬಿನಲ್ಲೇ, ನನ್ನ ಕಾಫಿ ಕುಡಿಯುತ್ತಲೇ ಮಾತಾಡಿಕೊಂಡರು. ಅವತ್ತು ಸಕ್ಕರೆ ನಿಜವಾಗಿಯೂ ಕಡಿಮೆ ಹಾಕಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಮದ್ರಾಸಿನವರೆಗೆ ಹೋಗುವ ಕಾಗದ ಅದಕ್ಕೆ ಬೇಕಾಗಿಲ್ಲ. ಮಂಟಪದ ಬೀಗ ತೆಗೆಸಿ, ಬೀಗದ ಕೈಯನ್ನು ಉಚ್ಚಂಗಮ್ಮನ ಕೈಗೆ ಕೊಡಿ. ಸುಟ್ಟ ಕೌದಿಗಳಿಗೆ ಬದಲು ಕೌದಿ ಕೊಡಿಸಿ. ಮಡಕಶಿರಾ ಚೌಕಿಗೆ ಒಂದು ಸಾಲು ಬರೆದು, ಬೊಮ್ಮಪ್ಪನಿಗೆ ಮಂಟಪವೇ ಮನೆ ಎಂದು ತಿಳಿಸಿ. ಇದೆಲ್ಲ ಆದ ಮೇಲೆ ಶೆಡ್ಡು ಸುಡಿಸಿ, ಸೀಮೆಎಣ್ಣೆ ನಾನೇ ತರುತ್ತೇನೆ. ಮೊದಲು ಬೀಗ, ಆಮೇಲೆ ಬೆಂಕಿ. ದಯವಿಟ್ಟು ಹಿಂದುಮುಂದು ಮಾಡಬೇಡಿ.

ನಿನ್ನೆ ನಾನು ಆ ಶೆಡ್ಡಿಗೆ ಹೋಗಿದ್ದೆ. ಪಾಲಮ್ಮ ಕೂಸಿಗೆ ಹಾಲೂಡಿಸುತ್ತಿದ್ದಳು. ಎಂದೂ ಬಾಯಿ ಬಿಡದವಳು ನಿನ್ನೆ ತಾನಾಗಿ, "ಸೋಮವಾರ ನಾನು ಹೊರಗ ಬರಂಗಿಲ್ರಿ ಗೋಪಣ್ಣೋರೆ, ಹೇಳ್ರಿ ಅವ್ರಿಗಿ," ಎಂದಳು. ಹೇಳಿದ್ದೇನೆ. ವಾಪಸ್ಸು ಬರುವಾಗ ಸುಂಕಪ್ಪ ದಾರಿಗೆ ಅಡ್ಡ ಬಂದ. ಸೋಮವಾರ ಬೆಂಕಿ ಹಚ್ಚುವ ಕೆಲಸ ಅವನದೇ. ಅವನು ಬಹಳ ಹೊತ್ತು ತಲೆ ಕೆರೆದುಕೊಂಡು ಕೇಳಿದ: "ಸಾಲಿನಾಗಿನ ಎಲ್ಲಾ ಶೆಡ್ಡಿಗೂ ಹಚ್ಚು ಅಂದಾರ್ರಿ. ಒಳಗ ಮಂದಿ ಇದ್ರ ಏನ್ ಮಾಡ್ಲಿ ಅಂತ ಹೇಳಿಲ್ಲ. ನೀವು ಓದಿದವ್ರು, ಏನ್ ಮಾಡ್ಲಿರಿ?"

ಅಪ್ಪಣೆ ತಮ್ಮದು, ಉತ್ತರವೂ ತಮ್ಮದೇ ಆಗಬೇಕು. ಸೋಮವಾರ ಬೆಳಿಗ್ಗೆ ಸುಂಕಪ್ಪ ಕಡ್ಡಿ ಗೀರುವ ಮೊದಲು ತಾವೇ ಅಲ್ಲಿಗೆ ಬಂದು, ಅವನ ಎದುರಿಗೆ ನಿಂತು, ಅದನ್ನು ಬಾಯಿಬಿಟ್ಟು ಹೇಳಿ.

ಇಂತಿ,
ಬಾಡಿಗೆಯದಾದರೂ ಒಂದು ಮನೆ ಇದ್ದುದರಿಂದ ಸರ್ಕಾರದ ಲೆಕ್ಕದಲ್ಲಿ ಮನುಷ್ಯನಾಗಿ ಉಳಿದಿರುವ,
ಗೋಪಣ್ಣ
ಕಾಫಿ ಕ್ಲಬ್ಬು, ಕೋಟೆ ಬೀದಿ, ರಾಯದುರ್ಗ